ಪ್ರಿಂಟ್‌ನಲ್ಲಿ ಎಲ್ಲಾ ಹಸಿರು, ಕಾರು ಮಾತ್ರ ಎಡಕ್ಕೆ: ಮುಂದಿನ ಗಾಲಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳೆಲ್ಲ ಮುಂದಿನ ಗಾಲಿಯ ಸುತ್ತಲೇ ತಿರುಗುತ್ತಿವೆ. ಮಳೆಗಾಲ ಮುಗಿದು ತಗ್ಗುಗಳು ಬಾಯಿ ಬಿಟ್ಟ ಮೇಲೆ ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಇದು ಇದ್ದದ್ದೇ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದೇ ಉತ್ತರ ಕೊಟ್ಟಿದ್ದೇನೆ, ನಿಮ್ಮ ಊರಿನ ಹೆಸರು ಕಾಣಲಿಲ್ಲ ಎಂದು ಬೇಜಾರು ಬೇಡ.

ಪ್ರಶ್ನೆ: ಅಣ್ಣಾ, ನನ್ನದು ಸಣ್ಣ ಹ್ಯಾಚ್‌ಬ್ಯಾಕ್ ಕಾರು. ದಿನಾ ಬಳ್ಳಾರಿಯಿಂದ ಕುಡತಿನಿ ದಾಟಿ ತೋರಣಗಲ್ಲಿಗೆ ಡ್ಯೂಟಿಗೆ ಹೋಗುತ್ತೇನೆ. ಸ್ಟೇರಿಂಗ್ ಮೇಲಿನ ಹಿಡಿತ ಸ್ವಲ್ಪ ಸಡಿಲ ಮಾಡಿದರೆ ಸಾಕು, ಕಾರು ಎಡಕ್ಕೆ ಸರಿಯುತ್ತದೆ. ಎರಡು ಅಂಗಡಿಯಲ್ಲಿ ಅಲೈನ್‌ಮೆಂಟ್ ಮಾಡಿಸಿದೆ. ಎರಡೂ ಕಡೆ ಪ್ರಿಂಟ್ ಕೈಗೆ ಕೊಟ್ಟು ‘ನೋಡ್ರಿ, ಎಲ್ಲಾ ಹಸಿರು ಬಂದಿದೆ’ ಎಂದರು. ಇನ್ನೊಂದು ಕಡೆ ಹೋಗಿ ನೋಡಲಾ?
— ಓದುಗರು, ಬಳ್ಳಾರಿ

ಉತ್ತರ: ಸದ್ಯಕ್ಕೆ ಬೇಡ. ಆ ಮಷಿನ್ ಅಳತೆ ಹೇಳುತ್ತದೆ ಅಷ್ಟೇ, ರಿಪೇರಿ ಅದರ ಕೆಲಸ ಅಲ್ಲ. ನಿಮ್ಮಂಥ ಬಹುಪಾಲು ಸಣ್ಣ ಕಾರುಗಳಲ್ಲಿ ಅಂಗಡಿಯವರು ಪಾನಾ ಹಾಕಿ ತಿರುಗಿಸಲು ಆಗುವುದು ಮುಂದಿನ ಟೋ ಒಂದನ್ನೇ. ಟೋ ಅಂದರೆ ಎರಡು ಗಾಲಿಗಳ ಮೂತಿ ಒಳಕ್ಕೆ ನೋಡುತ್ತಿದೆಯೋ ಹೊರಕ್ಕೆ ನೋಡುತ್ತಿದೆಯೋ ಎನ್ನುವುದು. ಇನ್ನೆರಡು ಅಳತೆಗಳಿವೆ. ಗಾಲಿಯ ತಲೆ ಕಾರಿನ ಕಡೆಗೋ ಹೊರಗಡೆಗೋ ವಾಲಿರುವುದು ಕ್ಯಾಂಬರ್, ಸ್ಟೇರಿಂಗ್ ಜೊತೆ ಗಾಲಿ ಎಡಬಲ ತಿರುಗುವ ಅಕ್ಷ ಮೇಲ್ಗಡೆ ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್. ಇವೆರಡೂ ಫ್ಯಾಕ್ಟರಿಯಲ್ಲಿ ಕೂಡಿಸಿದ ಹಾಗೆಯೇ ಇರುತ್ತವೆ, ತಿರುಗಿಸಲು ಅಲ್ಲಿ ಬೋಲ್ಟೇ ಇರುವುದಿಲ್ಲ.

ಈಗ ತಮಾಷೆ ನೋಡಿ. ಟೋ ತಪ್ಪಿದರೆ ಟೈರ್ ಸವೆಯುತ್ತದೆ, ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ, ಆದರೆ ಮುಂದಿನ ಟೋ ಒಂದರಿಂದಲೇ ಕಾರು ಒಂದು ಕಡೆಗೆ ಎಳೆಯುವುದು ಅಪರೂಪ. ಎರಡೂ ಗಾಲಿಗಳು ಟೈ ರಾಡ್ ಮೂಲಕ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಓಡುವಾಗ ತಪ್ಪನ್ನು ಸಮನಾಗಿ ಹಂಚಿಕೊಂಡುಬಿಡುತ್ತವೆ. ಅಂದರೆ ಯಾವುದರಿಂದ ಎಳೆತ ಬರುವುದಿಲ್ಲವೋ ಅದನ್ನೇ ನಿಮಗೆ ಎರಡು ಸಲ ಸರಿ ಮಾಡಿ ಕೊಟ್ಟಿದ್ದಾರೆ.

ಖರ್ಚಿಲ್ಲದ್ದು ಮೊದಲು. ಬೆಳಿಗ್ಗೆ ಕಾರು ಓಡಿಸುವ ಮುಂಚೆ ನಾಲ್ಕೂ ಟೈರಿನ ಗಾಳಿ ನೋಡಿ. ಬಿಸಿಲಲ್ಲಿ ನಿಂತ ಕಾರಿನ ಗಾಳಿ ಅಳೆದು ಪ್ರಯೋಜನವಿಲ್ಲ, ಸುಮಾರು 5–6 ಡಿಗ್ರಿ ಶಾಖ ಏರಿದರೆ ಒಂದು ಪಿಎಸ್‌ಐ ಏರುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಒಂದು ಬದಿ ನೆರಳು, ಒಂದು ಬದಿ ಬಿಸಿಲು ಇದ್ದರೂ ಸಾಕು, ಎರಡು ಕಡೆ ಎರಡು ಲೆಕ್ಕ ಬರುತ್ತದೆ. ಎಡಗಡೆ ಮುಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಕಾರು ಎಡಕ್ಕೇ ಹೋಗುತ್ತದೆ, ಅದಕ್ಕೆ ಯಾವ ಮಷಿನ್ನೂ ಬೇಡ.

ಆಮೇಲೆ ರಸ್ತೆ. ಮಳೆನೀರು ಹರಿದು ಹೋಗಲಿ ಎಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ನಾವು ಓಡಿಸುವುದು ಎಡಗಡೆ, ಹಾಗಾಗಿ ಸರಿ ಇರುವ ಕಾರೂ ಮೆಲ್ಲಗೆ ಎಡಕ್ಕೆ ಜಾರುತ್ತದೆ. ಭಾರಿ ಲಾರಿಗಳು ಓಡುವ ಕಡೆ ಗಾಲಿಯ ಜಾಡೇ ಗುಳಿ ಬಿದ್ದಿರುತ್ತದೆ, ಅಲ್ಲಂತೂ ಕಾರು ಅದು ಕರೆದ ಕಡೆ ಹೋಗುತ್ತದೆ. ಪರೀಕ್ಷೆ ಮಾಡುವುದಿದ್ದರೆ ಜನರಿಲ್ಲದ ಹೊಸ ಬಡಾವಣೆಯ ಖಾಲಿ ಸಿಮೆಂಟ್ ರಸ್ತೆ ಹುಡುಕಿ, ಅದೇ ತುಂಡಿನ ಅದೇ ಬದಿಯ ಮೇಲೆ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ನಿಧಾನಕ್ಕೆ ಓಡಿಸಿ. ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಎಳೆದರೆ ತಪ್ಪು ರಸ್ತೆಯದು. ಎರಡು ಸಲವೂ ಎಡಕ್ಕೇ ಅಂದರೆ ಕಾರಿನದು.

ಕಾರಿನದೇ ಎಂದಾದರೆ ಮುಂದಿನ ಎರಡು ಗಾಲಿಗಳನ್ನು ಎಡಬಲ ಅದಲುಬದಲು ಮಾಡಿ ಓಡಿಸಿ. ಎಳೆತ ಬಲಕ್ಕೆ ಬಂತು ಅಥವಾ ಮಾಯವಾಯಿತು ಎಂದರೆ ದೋಷ ಟೈರ್ ಒಳಗಿದೆ. ಹೊಸ ರೇಡಿಯಲ್ ಟೈರುಗಳಲ್ಲೂ ಇದು ಇರಬಹುದು, ಒಳಗಿನ ಪಟ್ಟಿ ಒಂಚೂರು ಪಕ್ಕಕ್ಕೆ ಕೂತಿದ್ದರೆ ಟೈರು ಒಂದು ಬದಿಗೆ ಉರುಳಲು ನೋಡುತ್ತದೆ. ಬಾಣದ ಗುರುತಿರುವ ಟೈರ್ ಆದರೆ ಪರೀಕ್ಷೆ ಮುಗಿದ ಕೂಡಲೇ ಮತ್ತೆ ಅದರ ಜಾಗಕ್ಕೆ ಹಾಕಿ. ಬ್ರೇಕೂ ಒಂದು ಕಾರಣ. ಜಾಸ್ತಿ ಬ್ರೇಕ್ ಒತ್ತದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎರಡೂ ಮುಂದಿನ ಗಾಲಿಯ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಎಡಗಡೆ ಜಾಸ್ತಿ ಕಾವು ಬಡಿದರೆ ಆ ಬ್ರೇಕ್ ಬಿಡದೆ ಹಿಡಿದುಕೊಂಡಿದೆ. ಅದಿರಿನ ಧೂಳಲ್ಲಿ ಓಡುವ ಗಾಡಿಗಳಲ್ಲಿ ಕ್ಯಾಲಿಪರ್ ಪಿನ್ ಬಿಗಿಯುವುದು ಹೊಸದೇನಲ್ಲ.

ಇಷ್ಟೆಲ್ಲ ಸರಿ ಇದ್ದರೆ ಆ ಹಸಿರು ಪ್ರಿಂಟ್ ಮತ್ತೆ ತೆಗೆಯಿರಿ. ಹಸಿರು ಎಂದರೆ ಕಂಪನಿ ಕೊಟ್ಟ ಮಿತಿಯೊಳಗಿದೆ ಎಂದಷ್ಟೇ ಅರ್ಥ, ಎಡಬಲ ಸಮ ಇದೆ ಎಂದಲ್ಲ. ಒಂದು ಲೆಕ್ಕ ಹೇಳುತ್ತೇನೆ. ಕ್ಯಾಸ್ಟರ್ 3 ಡಿಗ್ರಿ, ಮೇಲೆ ಕೆಳಗೆ ಮುಕ್ಕಾಲು ಡಿಗ್ರಿ ನಡೆಯುತ್ತದೆ ಎಂದು ಇದೆ ಅಂದುಕೊಳ್ಳಿ. ಎಡಕ್ಕೆ 2.3, ಬಲಕ್ಕೆ 3.7 ಬಂದರೂ ಎರಡೂ ಹಸಿರೇ. ಆದರೆ ನಡುವೆ 1.4 ಡಿಗ್ರಿ ಅಂತರ! ಅರ್ಧ ಡಿಗ್ರಿ ದಾಟಿದರೇ ಕೈಗೆ ಗೊತ್ತಾಗಲು ಶುರುವಾಗುತ್ತದೆ. ಕಾರು ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ಕ್ಯಾಂಬರ್ ಆದರೆ ಗಾಲಿಯ ತಲೆ ಹೊರಕ್ಕೆ ಜಾಸ್ತಿ ವಾಲಿದ ಕಡೆಗೆ. ಇನ್ನೊಂದು, ಕ್ಯಾಸ್ಟರ್ ಅಳೆಯಬೇಕಾದರೆ ಮುಂದಿನ ಗಾಲಿಗಳನ್ನು ತಿರುಗುವ ತಟ್ಟೆಯ ಮೇಲೆ ನಿಲ್ಲಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ಟೇರಿಂಗ್ ತಿರುಗಿಸಲೇಬೇಕು. ನಿಮ್ಮ ಕಾರಿಗೆ ಹಾಗೆ ಮಾಡಿದರಾ, ನೆನಪು ಮಾಡಿಕೊಳ್ಳಿ. ಗಡಿಬಿಡಿಯಲ್ಲಿ ಬಿಟ್ಟುಬಿಡುವ ಅಂಗಡಿಗಳೇ ಜಾಸ್ತಿ. ಒಂದು ಕಡೆ ಕ್ಯಾಸ್ಟರ್ ಕಡಿಮೆ ಬಂದರೆ ಗಾಲಿಯನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಬಾಗಿದೆ ಅಥವಾ ಅದರ ರಬ್ಬರ್ ಬುಷ್ ಹೋಗಿದೆ ಎಂದು ಅನುಮಾನ ಪಡಿ.

ಎಡಕ್ಕೆ ತಿರುಗಿಸಿ ಬಂದ ಮೇಲೆ ಎಡಕ್ಕೆ, ಬಲಕ್ಕೆ ತಿರುಗಿಸಿ ಬಂದ ಮೇಲೆ ಬಲಕ್ಕೆ ಎಳೆಯುತ್ತಿದ್ದರೆ ಆ ಕಾಯಿಲೆಯೇ ಬೇರೆ. ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಕಂಬ, ಅದರ ಮೇಲಿನ ಬೇರಿಂಗ್ ಧೂಳು ತಿಂದು ಬಿಗಿಯಾಗಿದೆ, ಬದಲಾಯಿಸಿ.

ಪ್ರಶ್ನೆ: ಹೊಸ ಟೈರ್ ಹಾಕಿಸಿ ಒಂದು ವರ್ಷವೂ ಆಗಿಲ್ಲ, ಮುಂದಿನ ಎರಡೂ ಟೈರುಗಳ ಒಳ ಅಂಚು ನುಣ್ಣಗಾಗಿದೆ. ಹೊರಗಿನಿಂದ ನೋಡಿದರೆ ಟೈರ್ ಹೊಸದರ ಹಾಗಿದೆ. ಅಂಗಡಿಯವರು ಕ್ಯಾಂಬರ್ ಹೋಗಿದೆ, ಜಾಕಿ ಕೊಟ್ಟು ಬೆಂಡ್ ತೆಗೆಯುತ್ತೇವೆ ಎನ್ನುತ್ತಾರೆ. ಒಪ್ಪಲಾ?
— ಓದುಗರು, ಸಿಂಧನೂರು

ಉತ್ತರ: ಒಪ್ಪಬೇಡಿ. ಮೊದಲು ಟೈರಿಗೇ ಕೇಳಿ, ಅದು ಸುಳ್ಳು ಹೇಳುವುದಿಲ್ಲ.

ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿ, ಟೈರಿನ ಮೇಲೆ ಅಂಗೈಯನ್ನು ಅಡ್ಡಕ್ಕೆ ಸವರಿ. ತಂತಿ ಎದ್ದಿದೆಯಾ ಎಂದು ನೋಡಿಕೊಂಡೇ ಕೈ ಹಾಕಿ, ಸವೆದ ಟೈರಿನ ತಂತಿ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಹೊರಗಿನಿಂದ ಒಳಕ್ಕೆ ಸವರಿದರೆ ಚುಚ್ಚಿ, ಒಳಗಿನಿಂದ ಹೊರಕ್ಕೆ ಸವರಿದರೆ ನುಣ್ಣಗಿದ್ದರೆ ಅದು ಟೋ-ಔಟ್. ಇದರ ಉಲ್ಟಾ ಇದ್ದರೆ ಟೋ-ಇನ್ ಜಾಸ್ತಿ. ಯಾವ ಕಡೆ ಸವರಿದರೂ ಚುಚ್ಚುವುದಿಲ್ಲ, ಒಳ ಅಂಚು ಮಾತ್ರ ಇಳಿಜಾರಾಗಿ ಸವೆದಿದೆ ಎಂದರೆ ಆಗ ಕ್ಯಾಂಬರ್ ಮೇಲೆ ಅನುಮಾನ. ನಿಮ್ಮದು ಎರಡೂ ಕಡೆ ಒಂದೇ ಥರ ಸವೆದಿದೆ ಎನ್ನುತ್ತೀರಿ. ಎರಡು ಸ್ಟ್ರಟ್ಟೂ ಒಟ್ಟಿಗೇ, ಒಂದೇ ಅಳತೆಗೆ ಬಾಗಿಬಿಟ್ಟವು ಅನ್ನುವುದನ್ನು ನಂಬುವುದು ಕಷ್ಟ ಅಲ್ವಾ? ನನ್ನ ಲೆಕ್ಕದಲ್ಲಿ ಇದು ಟೋ-ಔಟ್.

ಟೋ ಎಷ್ಟು ತಪ್ಪಿದರೆ ಎಷ್ಟು ಸವೆಯುತ್ತದೆ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ. 14 ಇಂಚಿನ ರಿಮ್ ಎಂದರೆ ಸುಮಾರು 355 ಮಿ.ಮೀ. ಒಟ್ಟು ಟೋ 3 ಮಿ.ಮೀ. ತಪ್ಪಿದರೆ ಒಂದು ಗಾಲಿಯ ಪಾಲು ಒಂದೂವರೆ ಮಿ.ಮೀ. ಒಂದೂವರೆಯನ್ನು 355ರಿಂದ ಭಾಗಿಸಿ, ಸಾವಿರ ಮೀಟರಿಗೆ ಗುಣಿಸಿ: ಒಂದು ಕಿಲೋಮೀಟರ್ ಓಡಿದರೆ ಆ ಟೈರು 4.2 ಮೀಟರ್ ಅಡ್ಡಕ್ಕೆ ಉಜ್ಜಿದ ಲೆಕ್ಕ. ನೂರು ಕಿಲೋಮೀಟರಿಗೆ 420 ಮೀಟರ್. ರಾಯಚೂರಿಗೆ ಹೋಗಿ ಬರುವಷ್ಟರಲ್ಲಿ ಎಷ್ಟು ರಬ್ಬರ್ ರಸ್ತೆಗೆ ಬಿತ್ತು ನೀವೇ ನೋಡಿ. ಕ್ಯಾಂಬರ್ ಸ್ವಲ್ಪ ತಪ್ಪಿದರೆ ಟೈರ್ ಇಷ್ಟು ಬೇಗ ಹೋಗುವುದಿಲ್ಲ. ಟೋ ತಪ್ಪಿದರೇ ಜೇಬಿಗೆ ಕತ್ತರಿ.

ಆದರೆ ಟೋ ಸರಿ ಮಾಡಿಸಿಕೊಂಡು ಬಂದುಬಿಡಬೇಡಿ, ಅದು ಯಾಕೆ ತಪ್ಪಿತು? ನಿಮ್ಮ ಕಡೆ ಎರೆ ಮಣ್ಣು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ನೆಲದ ಮೇಲಿನ ರಸ್ತೆ ಅಲೆ ಅಲೆಯಾಗಿರುತ್ತದೆ, ಸಸ್ಪೆನ್ಷನ್ ದಿನವಿಡೀ ಕುಣಿಯುತ್ತಲೇ ಇರುತ್ತದೆ, ಮೊದಲು ಸಾಯುವುದು ರಬ್ಬರ್ ಬುಷ್‌ಗಳು. ಲೋವರ್ ಆರ್ಮ್ ಬುಷ್ ಹರಿದಿದ್ದರೆ ಮಷಿನ್ ಮೇಲೆ ನಿಂತಾಗ ಟೋ ಸರಿಯಾಗಿಯೇ ಕಾಣುತ್ತದೆ, ಬ್ರೇಕ್ ಒತ್ತಿದ ಕೂಡಲೇ ಆರ್ಮ್ ಹಿಂದಕ್ಕೆ ಸರಿದು ಟೋ ಬದಲಾಗುತ್ತದೆ. ಪ್ರಿಂಟ್ ಹಸಿರು, ಟೈರ್ ಬೋಳು. ಹಾಗಾಗಿ ಕಾರು ಎತ್ತಿಸಿ, ಸ್ಟ್ಯಾಂಡ್ ಕೊಡಿಸಿ, ಗಾಲಿಯನ್ನು ಎಡಬಲ ಹಿಡಿದು ಅಲ್ಲಾಡಿಸಲು ಹೇಳಿ. ಆಟ ಇದ್ದರೆ ಟೈ ರಾಡ್ ಎಂಡ್ ಅಥವಾ ರ್‍ಯಾಕ್ ಎಂಡ್. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಬಾಲ್ ಜಾಯಿಂಟ್ ಅಥವಾ ಗಾಲಿ ಬೇರಿಂಗ್. ಬುಷ್ ನೋಡಲು ಕಬ್ಬಿಣದ ಹಾರೆ ಕೊಟ್ಟು ಮೀಟಬೇಕು, ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ.

ನಿಜವಾಗಿಯೂ ಕ್ಯಾಂಬರ್ ತಪ್ಪಿದ್ದರೆ ಬಾಗಿದ ಸ್ಟ್ರಟ್ಟೋ, ಗಾಲಿ ಕೂರುವ ಲೋಹದ ಭಾಗವಾದ ನಕಲ್ಲೋ (knuckle) ಬದಲಾಯಿಸುವುದೇ ಸರಿ. ಜಾಕಿ ಕೊಟ್ಟು ಬಗ್ಗಿಸಿದ ಲೋಹ ಒಳಗೆ ಬಿರುಕು ಬಿಟ್ಟಿದೆಯೋ ಇಲ್ಲವೋ ಯಾರಿಗೆ ಗೊತ್ತು? ಸ್ಟ್ರಟ್ ಮತ್ತು ನಕಲ್ ಕೂಡುವಲ್ಲಿ ಹಾಕುವ ಕ್ಯಾಂಬರ್ ಬೋಲ್ಟ್ ಸಿಗುತ್ತದೆ, ಸಣ್ಣ ವ್ಯತ್ಯಾಸಕ್ಕೆ ಅದು ಪರವಾಗಿಲ್ಲ. ಆದರೆ ಬಾಗಿದ ಭಾಗವನ್ನು ಅದರಿಂದ ಮುಚ್ಚಿಡಬೇಡಿ. ಕ್ಯಾಂಬರ್ ಮುಟ್ಟಿದ ಮೇಲೆ ಟೋ ಕೂಡ ಬದಲಾಗಿರುತ್ತದೆ, ಅದಕ್ಕೇ ಟೋ ಯಾವಾಗಲೂ ಕೊನೆಯ ಕೆಲಸ.

ಪ್ರಶ್ನೆ: ಸರ್, ನಾನು ರಾಯಚೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ತಿರುವಿನಲ್ಲಿ ಮುಂದಿನ ಎರಡು ಗಾಲಿಗಳು ಬೇರೆ ಬೇರೆ ಕೋನದಲ್ಲಿ ತಿರುಗುತ್ತವೆ ಎಂದು ಪುಸ್ತಕದಲ್ಲಿ ಇದೆ. ಅದಕ್ಕೆ ಆಕರ್ಮನ್ ಎಂದು ಹೆಸರು. ಪರೀಕ್ಷೆಗೆ ಬಾಯಿಪಾಠ ಆಗಿದೆ, ತಲೆಗೆ ಹೋಗಿಲ್ಲ.
— ವಿದ್ಯಾರ್ಥಿ, ರಾಯಚೂರು

ಉತ್ತರ: ತಮ್ಮಾ, ಒಂದು ಹಗ್ಗ, ಒಂದು ಗೂಟ, ಸ್ವಲ್ಪ ಸುಣ್ಣ ತಗೊಂಡು ಅಂಗಳಕ್ಕೆ ಬಾ. ಕಾರು ತಿರುಗುವಾಗ ನಾಲ್ಕೂ ಗಾಲಿಗಳು ಒಂದೇ ಗೂಟದ ಸುತ್ತ ಸುತ್ತಬೇಕು, ಆಗ ಯಾವ ಟೈರೂ ನೆಲಕ್ಕೆ ಉಜ್ಜುವುದಿಲ್ಲ. ಹಿಂದಿನ ಗಾಲಿಗಳು ತಿರುಗುವುದಿಲ್ಲವಾದ್ದರಿಂದ ಆ ಗೂಟ ಹಿಂದಿನ ಎಕ್ಸೆಲ್‌ನ ನೇರದಲ್ಲೇ ಎಲ್ಲೋ ಇರಬೇಕು. ಈಗ ಗೂಟಕ್ಕೆ ಹತ್ತಿರ ಇರುವ ಮುಂದಿನ ಗಾಲಿ ಸಣ್ಣ ವೃತ್ತ ಹಾಕುತ್ತದೆ, ದೂರದ್ದು ದೊಡ್ಡ ವೃತ್ತ. ಸಣ್ಣ ವೃತ್ತಕ್ಕೆ ಜಾಸ್ತಿ ತಿರುಗಬೇಕು, ಅಷ್ಟೇ ವಿಷಯ.

ಎಷ್ಟು ಜಾಸ್ತಿ? ಹೊರಗಾಲಿಯ ಕೋನದ ಕಾಟ್‌ನಿಂದ (ಕೋಟ್ಯಾಂಜೆಂಟ್) ಒಳಗಾಲಿಯ ಕೋನದ ಕಾಟ್ ಕಳೆದರೆ ಬರುವುದು ಅಗಲ ಭಾಗಿಸು ಉದ್ದ. ಅಗಲ ಎಂದರೆ ಎರಡು ಗಾಲಿಗಳು ತಿರುಗುವ ಅಕ್ಷಗಳ ನಡುವಿನ ಅಂತರ, ಉದ್ದ ಎಂದರೆ ವೀಲ್‌ಬೇಸ್, ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ. 1.4 ಮೀಟರ್ ಅಗಲ, 2.4 ಮೀಟರ್ ಉದ್ದದ ಸಣ್ಣ ಕಾರಿಗೆ ಹಾಕಿ ನೋಡು. ಒಳಗಾಲಿ 35 ಡಿಗ್ರಿ ತಿರುಗಿದರೆ ಹೊರಗಾಲಿ ಸುಮಾರು 26 ಡಿಗ್ರಿ ತಿರುಗಿದರೆ ಸಾಕು. ಒಂಬತ್ತು ಡಿಗ್ರಿ ಅಂತರ! ಇದನ್ನು ಯಾವ ಕಂಪ್ಯೂಟರೂ ಮಾಡುವುದಿಲ್ಲ, ನಕಲ್‌ನಿಂದ ಹೊರಟ ಸ್ಟೇರಿಂಗ್ ಆರ್ಮ್‌ಗಳನ್ನು ನೇರ ಇಡದೆ ಸ್ವಲ್ಪ ಓರೆ ಇಡುತ್ತಾರೆ. ಆರ್ಮ್‌ಗಳ ಗೆರೆಗಳನ್ನು ಹಿಂದಕ್ಕೆ ಎಳೆದರೆ ಹೆಚ್ಚುಕಡಿಮೆ ಹಿಂದಿನ ಎಕ್ಸೆಲ್‌ನ ನಡುವೆ ಕೂಡುತ್ತವೆ. ಈ ಸುಲಭ ಉಪಾಯ ಲೆಕ್ಕಕ್ಕೆ ಹತ್ತಿರ ಬರುತ್ತದೆ, ಪೂರ್ತಿ ಸಮ ಬರುವುದಿಲ್ಲ. ಈಗಿನ ಕಾರು ಕಂಪನಿಗಳೂ ಪೂರ್ತಿ ಸಮ ಬರಲೇಬೇಕು ಎಂದು ಹಟ ಹಿಡಿಯುವುದಿಲ್ಲ, ವೇಗದಲ್ಲಿ ತಿರುಗುವಾಗ ಟೈರು ಹೇಗೂ ಸ್ವಲ್ಪ ಜಾರುತ್ತದೆ.

ಹೆಸರಿನ ವಿಷಯ. ಆಕರ್ಮನ್ ಇದನ್ನು ಕಂಡುಹಿಡಿದವರಲ್ಲ. 1817ರಲ್ಲಿ ಮ್ಯೂನಿಕ್‌ನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ ಕುದುರೆ ಸಾರೋಟಿಗೆ ಇದನ್ನು ಮಾಡಿದರು. ಲಂಡನ್ನಿನಲ್ಲಿದ್ದ ರುಡಾಲ್ಫ್ ಆಕರ್ಮನ್ ಅವರ ಪರವಾಗಿ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿದರು, ಹೆಸರು ಅವರದೇ ಉಳಿಯಿತು. ಅವರಿಗೂ ಮುಂಚೆ ಚಾರ್ಲ್ಸ್ ಡಾರ್ವಿನ್‌ರ ತಾತ ಎರಾಸ್ಮಸ್ ಡಾರ್ವಿನ್‌ಗೆ ಇದೇ ವಿಚಾರ ಹೊಳೆದಿತ್ತು. ಪರೀಕ್ಷೆಯಲ್ಲಿ ಇದನ್ನು ಬರೆದರೆ ಮಾರ್ಕ್ಸ್ ಕೊಡುತ್ತಾರೋ ಇಲ್ಲವೋ, ಬರೆ.

ಪಾರ್ಕಿಂಗ್‌ನಲ್ಲಿ ಪೂರ್ತಿ ತಿರುಗಿಸಿದಾಗ ಒಂದೇ ಕಡೆ ಟೈರ್ ಕಿರ್ ಎನ್ನುವ, ನೇರ ಓಡುವಾಗ ಟೋ ಸರಿ ಇರುವ ಕಾರು ನೋಡಿದರೆ, ಸ್ಟೇರಿಂಗ್ ಆರ್ಮ್ ಬಾಗಿದೆಯಾ ಎಂದು ನೋಡು.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, ಕೊಪ್ಪಳದಿಂದ ಕುಕನೂರಿಗೆ ದಿನಾ ಕಾರಿನಲ್ಲಿ ಹೋಗಿಬರುತ್ತೇನೆ. ಅಲೈನ್‌ಮೆಂಟ್ ಮಾಡಿಸಿದ ಮೇಲೆ ಕಾರು ನೇರ ಹೋಗುತ್ತದೆ, ಆದರೆ ಸ್ಟೇರಿಂಗ್ ಬಲಕ್ಕೆ ಓರೆಯಾಗಿ ನಿಲ್ಲುತ್ತದೆ. ಕೇಳಿದರೆ, ‘ಸ್ಟೇರಿಂಗ್ ಬಿಚ್ಚಿ ಒಂದು ಹಲ್ಲು ತಿರುಗಿಸಿ ಕೂಡಿಸುತ್ತೇವೆ ಮೇಡಂ’ ಎನ್ನುತ್ತಾರೆ.
— ಓದುಗರು, ಕೊಪ್ಪಳ

ಉತ್ತರ: ಟೀಚರ್, ಸ್ಟೇರಿಂಗ್ ಬಿಚ್ಚಲು ಬಿಡಬೇಡಿ. ಅದರೊಳಗೆ ಏರ್‌ಬ್ಯಾಗ್ ಇದೆ, ಅದರ ಹಿಂದೆ ಸುರುಳಿ ಸುತ್ತಿದ ವೈರ್ ಇದೆ. ಆ ಸುರುಳಿ ತಪ್ಪಿ ಕೂತರೆ ಯಾವತ್ತೋ ಒಂದು ದಿನ ಪೂರ್ತಿ ತಿರುಗಿಸುವಾಗ ತುಂಡಾಗಿ, ಹಾರ್ನೂ ಹೋಗುತ್ತದೆ, ಏರ್‌ಬ್ಯಾಗೂ ಹೋಗುತ್ತದೆ. ಅಲೈನ್‌ಮೆಂಟ್‌ಗೆ ಮುಂಚೆ ಸ್ಟೇರಿಂಗ್ ನೇರ ಇತ್ತು ತಾನೆ? ಹಾಗಿದ್ದರೆ ತಪ್ಪು ಅಲೈನ್‌ಮೆಂಟ್ ಮಾಡಿದ ರೀತಿಯಲ್ಲೇ ಇದೆ. ಸ್ಟೇರಿಂಗನ್ನು ನೇರ ನಿಲ್ಲಿಸಿ, ಸೀಟಿಗೆ ಕೊಡುವ ಕೋಲಿನಿಂದ ಬಿಗಿ ಹಿಡಿಸಿ, ಆಮೇಲೆ ಎಡ ಟೈ ರಾಡ್, ಬಲ ಟೈ ರಾಡ್ ಎರಡನ್ನೂ ಬೇರೆ ಬೇರೆ ಅಳತೆಗೆ ತರಬೇಕು. ಇವರು ಸುಲಭ ಎಂದು ಒಂದೇ ಕಡೆ ತಿರುಗಿಸಿದ್ದಾರೆ. ಒಟ್ಟು ಟೋ ಸರಿ ಬಂತು, ಸ್ಟೇರಿಂಗ್ ಸೊಟ್ಟ ಆಯಿತು. ಅದೇ ಅಂಗಡಿಗೆ ಹೋಗಿ, ದುಡ್ಡು ಕೊಡದೆ ಮತ್ತೆ ಮಾಡಿಸಿಕೊಳ್ಳಿ, ಅದು ನಿಮ್ಮ ಹಕ್ಕು.

ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಇರುವ, ಜಾರದಂತೆ ತಡೆಯುವ ಇಎಸ್‌ಪಿ ಇರುವ ಕಾರಾದರೆ ಸ್ಟೇರಿಂಗ್ ಕೋನ ಅಳೆಯುವ ಸೆನ್ಸರ್ ಇರುತ್ತದೆ. ಕೆಲಸ ಮುಗಿದ ಮೇಲೆ ಅದಕ್ಕೂ ‘ನೇರ ಅಂದರೆ ಇದು’ ಎಂದು ಸ್ಕ್ಯಾನರ್ ಹಚ್ಚಿ ಹೇಳಿಕೊಡಬೇಕಾಗಬಹುದು. ಡ್ಯಾಶ್‌ಬೋರ್ಡ್‌ನಲ್ಲಿ ಹೊಸ ದೀಪ ಏನಾದರೂ ಉರಿಯುತ್ತಿದ್ದರೆ ಅದನ್ನೂ ಹೇಳಿ.

ಪ್ರಶ್ನೆ: 80 ದಾಟಿದರೆ ಸ್ಟೇರಿಂಗ್ ನಡುಗುತ್ತದೆ, 100ರ ಮೇಲೆ ಮತ್ತೆ ಕಡಿಮೆ ಆಗುತ್ತದೆ. ಅಲೈನ್‌ಮೆಂಟ್ ಮಾಡಿಸಬೇಕಾ?
— ಓದುಗರು, ಗಂಗಾವತಿ

ಉತ್ತರ: ಇದು ಅಲೈನ್‌ಮೆಂಟ್ ಅಲ್ಲ, ಬ್ಯಾಲೆನ್ಸಿಂಗ್. ಒಂದು ವೇಗಕ್ಕೆ ಬಂದು ಇನ್ನೊಂದು ವೇಗಕ್ಕೆ ಹೋಗುವ ನಡುಕ ಬಹುತೇಕ ಗಾಲಿಯ ತೂಕದ್ದೇ. ಅಂಗಡಿಗೆ ಹೋಗುವ ಮುಂಚೆ ಗಾಲಿಯ ಒಳಬದಿಗೆ ಒಮ್ಮೆ ಕೈ ಹಾಕಿ ನೋಡಿ. ಗದ್ದೆಯ ಬದಿಗೆ ಇಳಿಸಿದ ಕಾರಿನ ರಿಮ್ ಒಳಗೆ ಆ ಅಂಟು ಮಣ್ಣು ಹತ್ತಿ ಒಣಗಿ ಇಟ್ಟಿಗೆ ಆಗಿರುತ್ತದೆ. ಒಂದು ಹಿಡಿ ಮಣ್ಣು ಸಾಕು ನಡುಗಿಸಲು. ಚೆನ್ನಾಗಿ ನೀರು ಹೊಡೆದು ತೊಳೆದರೆ ಎಷ್ಟೋ ಸಲ ನಡುಕ ಅಲ್ಲಿಗೇ ಮುಗಿಯುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ.

ಪ್ರಶ್ನೆ: ನಮ್ಮ ತಂದೆಯವರ ಕಾಲದ ಜೀಪು ಇದೆ, ಮುಂದೆ ಹಿಂದೆ ಎರಡೂ ಕಡೆ ಪಟ್ಟಿ ಸ್ಪ್ರಿಂಗ್. ಲೋಡಿಗೆಂದು ಹಿಂದೆ ಒಂದೆರಡು ಪಟ್ಟಿ ಜಾಸ್ತಿ ಹಾಕಿಸಿದೆವು. ಈಗ ನೇರ ರಸ್ತೆಯಲ್ಲೂ ಅತ್ತಿತ್ತ ಅಲೆಯುತ್ತದೆ. ಮೊನ್ನೆ ತಗ್ಗಿಗೆ ಬಿದ್ದ ಕೂಡಲೇ ಮುಂದಿನ ಗಾಲಿಗಳು ಎರಡೂ ಗಡಗಡ ಅಂತ ನಡುಗಿ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡಂತೆ ಆಯಿತು. ಸ್ಟೇರಿಂಗ್ ಡ್ಯಾಂಪರ್ ಹಾಕಿಸು ಅನ್ನುತ್ತಾರೆ.
— ಓದುಗರು, ಸಂಡೂರು

ಉತ್ತರ: ಎರಡು ಕಾಯಿಲೆ ಒಟ್ಟಿಗೆ ಇವೆ, ಬಿಡಿಸಿ ಹೇಳುತ್ತೇನೆ.

ಅಲೆಯುವುದು ಕ್ಯಾಸ್ಟರ್ ಕಡಿಮೆಯಾಗಿದ್ದಕ್ಕೆ. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರುವುದಿಲ್ಲ, ಮೇಲ್ಗಡೆ ಸವಾರನ ಕಡೆ ವಾಲಿರುತ್ತದೆ. ಅದಕ್ಕೇ ಕೈಬಿಟ್ಟು ಓಡಿಸುವ ಹುಡುಗರು ಬೀಳುವುದಿಲ್ಲ, ಗಾಲಿ ತಾನಾಗಿಯೇ ನೇರಕ್ಕೆ ಬರುತ್ತದೆ. ಜೀಪಿನಲ್ಲಿ ಗಾಲಿ ತಿರುಗುವ ಕಿಂಗ್‌ಪಿನ್ ಹಾಗೆ ಹಿಂದಕ್ಕೆ ವಾಲಿರಬೇಕು. ನೀವು ಹಿಂದಿನ ಪಟ್ಟಿ ಜಾಸ್ತಿ ಮಾಡಿ ಹಿಂಭಾಗ ಎತ್ತಿದಿರಿ, ಮುಂಭಾಗ ಮೂತಿ ಕೆಳಗೆ ಮಾಡಿತು, ಅದರ ಜೊತೆ ಕಿಂಗ್‌ಪಿನ್ನೂ ಮುಂದಕ್ಕೆ ವಾಲಿತು. ಕ್ಯಾಸ್ಟರ್ ಹೋಯಿತು, ಗಾಲಿಗೆ ತನ್ನ ನೇರ ಮರೆತುಹೋಯಿತು. ಹಿಂದೆ ಲೋಡ್ ಇದ್ದಾಗ ಅಲೆಯುವುದು ಕಡಿಮೆ ಆಗುತ್ತದಾ ಗಮನಿಸಿ. ಆಗುತ್ತದೆ ಎಂದರೆ ಇದೇ ಕಾರಣ. ಜಾಸ್ತಿ ಪಟ್ಟಿ ತೆಗೆಸುವುದು ಒಂದು ದಾರಿ. ಇಲ್ಲವಾದರೆ ಮುಂದಿನ ಎಕ್ಸೆಲ್ ಮತ್ತು ಪಟ್ಟಿಯ ನಡುವೆ ಓರೆ ಬೆಣೆ ಕೊಟ್ಟು ಕ್ಯಾಸ್ಟರ್ ವಾಪಸ್ ತರುತ್ತಾರೆ. ಬೆಣೆ ಉಲ್ಟಾ ಕೂಡಿಸಿದರೆ ಇನ್ನೂ ಕೆಡುತ್ತದೆ, ಹಾಗಾಗಿ ಅಳೆದು ಹಾಕುವವರ ಹತ್ತಿರವೇ ಹೋಗಿ. ಅತಿಯಾಗಿ ಕೊಟ್ಟರೂ ಕಷ್ಟ, ಸ್ಟೇರಿಂಗ್ ಭಾರ ಆಗಿ ಆ ಗಡಗಡ ನಡುಕ ಜಾಸ್ತಿಯಾಗುತ್ತದೆ.

ಆ ನಡುಕ ಎರಡನೇ ಕಾಯಿಲೆ, ಅಪಾಯದ್ದು ಅದೇ. ಕಿಂಗ್‌ಪಿನ್, ಅದರ ಬುಷ್ ಅಥವಾ ಬೇರಿಂಗ್, ಟೈ ರಾಡ್ ತುದಿಗಳು, ಸ್ಟೇರಿಂಗ್ ಬಾಕ್ಸ್, ಗಾಲಿ ಬೇರಿಂಗ್, ಶ್ಯಾಕಲ್ ಬುಷ್, ಇದರಲ್ಲಿ ಎರಡು ಮೂರು ಕಡೆ ಆಟ ಇದ್ದರೆ ತಗ್ಗಿನ ಒಂದು ಹೊಡೆತ ಸಾಕು. ಡ್ಯಾಂಪರ್ ಹಾಕಿದರೆ ನಡುಕ ನಿಲ್ಲುತ್ತದೆ, ನಿಜ. ಆದರೆ ಸಡಿಲ ಸಡಿಲವಾಗಿಯೇ ಉಳಿಯುತ್ತದೆ, ನಿಮಗೆ ಗೊತ್ತಾಗುವುದು ಮಾತ್ರ ನಿಲ್ಲುತ್ತದೆ. ಡ್ಯಾಂಪರ್‌ಗೆ ಕೊಡುವ ದುಡ್ಡನ್ನು ಮೊದಲು ಕಿಂಗ್‌ಪಿನ್‌ಗೆ ಹಾಕಿ. ಅಲ್ಲಿಯವರೆಗೆ ಆ ಘಾಟಿ ರಸ್ತೆಯಲ್ಲಿ, ಅದಿರಿನ ಲಾರಿಗಳ ನಡುವೆ ಜೀಪು ಇಳಿಸಬೇಡಿ. ಮತ್ತೆ ಹಾಗೆ ನಡುಗಿದರೆ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ಜೊತೆ ಗುದ್ದಾಡಬೇಡಿ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಆಕ್ಸಿಲರೇಟರ್ ಬಿಡಿ, ವೇಗ ಇಳಿದಂತೆ ತಾನಾಗಿಯೇ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಹಳ್ಳಿಯಿಂದ ಅಲೈನ್‌ಮೆಂಟ್ ಅಂಗಡಿ ದೂರ. ಟೋ ಸರಿ ಇದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದಾ?
— ಓದುಗರು, ಮಾನ್ವಿ ತಾಲ್ಲೂಕು

ಉತ್ತರ: ನೋಡಬಹುದು, ಧಾರಾಳವಾಗಿ. ಸಮತಟ್ಟಾದ ಸಿಮೆಂಟ್ ನೆಲ ಬೇಕು, ಕಣ ಇದ್ದರೂ ಆದೀತು. ಒಂದು ಟೇಪು, ಗಾರೆ ಕೆಲಸದವರ ತೂಕದ ಗುಂಡು, ಸುಣ್ಣದ ಕಡ್ಡಿ, ಜೊತೆಗೊಬ್ಬರು. ಗಾಳಿ ಸರಿ ಮಾಡಿ, ಕಾರಿನ ಮೂತಿಯನ್ನು ಒಂದೆರಡು ಸಲ ಒತ್ತಿ ಬಿಡಿ, ಸಸ್ಪೆನ್ಷನ್ ಕೂರಲಿ. ಸ್ಟೇರಿಂಗ್ ನೇರ ಇಟ್ಟು ಕಾರನ್ನು ಕೈಯಿಂದ ಸ್ವಲ್ಪ ಮುಂದಕ್ಕೆ ತಳ್ಳಿ ನಿಲ್ಲಿಸಿ. ಮುಂದಕ್ಕೇ ತಳ್ಳಬೇಕು, ಹಿಂದಕ್ಕೆ ತಳ್ಳಿದರೆ ಜಾಯಿಂಟ್‌ಗಳ ಆಟ ಉಲ್ಟಾ ಸೇರಿ ಲೆಕ್ಕ ತಪ್ಪುತ್ತದೆ.

ಮುಂದಿನ ಎರಡೂ ಟೈರುಗಳ ಹಿಂಬದಿಯಲ್ಲಿ, ಗಾಲಿಯ ನಡುಮಟ್ಟದ ಎತ್ತರಕ್ಕೆ, ಟೈರಿನ ಅಗಲದ ಮಧ್ಯದಲ್ಲಿ ಒಂದೊಂದು ಗುರುತು ಹಾಕಿ. ಗುರುತಿನಿಂದ ಗುಂಡು ಇಳಿಬಿಟ್ಟು ನೆಲಕ್ಕೆ ಗುರುತು ಮಾಡಿ, ಕಾರಿನ ಅಡಿ ಟೇಪು ಹಾಯಿಸಿ ಎರಡು ಗುರುತುಗಳ ನಡುವಿನ ಅಂತರ ಬರೆದುಕೊಳ್ಳಿ. ಈಗ ಗಾಲಿ ಸರಿಯಾಗಿ ಅರ್ಧ ಸುತ್ತು ಸುತ್ತುವಂತೆ ಕಾರನ್ನು ಮುಂದಕ್ಕೆ ತಳ್ಳಿ. ಹಿಂದಿದ್ದ ಗುರುತು ಈಗ ಮುಂದೆ, ಅದೇ ಎತ್ತರದಲ್ಲಿ ಬಂದಿರುತ್ತದೆ. ಮತ್ತೆ ಗುಂಡು, ಮತ್ತೆ ಅಂತರ. ಒಂದೇ ಗುರುತನ್ನು ಎರಡು ಸಲ ಅಳೆಯುವುದರಿಂದ ರಿಮ್ ಸ್ವಲ್ಪ ಸೊಟ್ಟ ಇದ್ದರೂ ಲೆಕ್ಕ ಕೆಡುವುದಿಲ್ಲ. ಮುಂದಿನ ಅಂತರ ಕಡಿಮೆ ಬಂದರೆ ಟೋ-ಇನ್, ಜಾಸ್ತಿ ಬಂದರೆ ಟೋ-ಔಟ್.

ಒಂದು ಎಚ್ಚರ. ನೀವು ಅಳೆದದ್ದು ಟೈರಿನ ಮೇಲೆ, ಕಂಪನಿಯವರು ರಿಮ್ ಮೇಲೆ ಕೊಟ್ಟಿರಬಹುದು. 165/80 ಆರ್ 14 ಟೈರಿನ ಪೂರ್ತಿ ಎತ್ತರ ಸುಮಾರು 620 ಮಿ.ಮೀ., ರಿಮ್ಮಿನದು 355. ಹಾಗಾಗಿ ರಿಮ್ ಮೇಲಿನ ಒಂದೂವರೆ ಮಿ.ಮೀ. ನಿಮ್ಮ ಟೇಪಿನಲ್ಲಿ 2.6 ಆಗಿ ಕಾಣುತ್ತದೆ. ಮುಂದಿನ ಗಾಲಿ ಎಳೆಯುವ ಕಾರುಗಳಲ್ಲಿ ಟೋ ಸಾಮಾನ್ಯವಾಗಿ ಸೊನ್ನೆಯ ಹತ್ತಿರವೇ ಇರುತ್ತದೆ, ಹಿಂದಿನ ಗಾಲಿ ತಳ್ಳುವ ಗಾಡಿಗಳಲ್ಲಿ ಸ್ವಲ್ಪ ಟೋ-ಇನ್ ಕೊಟ್ಟಿರುತ್ತಾರೆ, ಓಡುವಾಗ ರಸ್ತೆ ಗಾಲಿಗಳನ್ನು ಹಿಂದಕ್ಕೆ ತಳ್ಳಿ ಹೊರಕ್ಕೆ ತೆರೆಯುತ್ತದೆ ಎಂದು. ನಿಮ್ಮ ಕಾರಿನ ಪುಸ್ತಕ ನೋಡಿ. ಈ ವಿಧಾನದಲ್ಲಿ ಒಂದು ಮಿ.ಮೀ. ಹಿಂದೆಮುಂದೆ ಆಗೇ ಆಗುತ್ತದೆ, ನಾಲ್ಕೈದು ಮಿ.ಮೀ. ತಪ್ಪು ಕಂಡರೆ ದೂರ ಎನ್ನದೆ ಅಂಗಡಿಗೆ ಹೋಗಿ. ಅಳೆಯಿರಿ, ಆದರೆ ಮನೆಯಲ್ಲಿ ಲಾಕ್ ನಟ್ ಬಿಚ್ಚಬೇಡಿ. ಸರಿಯಾಗಿ ಬಿಗಿಯದ ಲಾಕ್ ನಟ್ ಓಡುವಾಗ ಸಡಿಲವಾದರೆ ಟೋ ಲೆಕ್ಕದ ಮಾತೇ ಬರುವುದಿಲ್ಲ.

ಪ್ರಶ್ನೆ: ಅಗಲದ ಅಲಾಯ್ ಹಾಕಿಸಬೇಕು ಅಂತಿದ್ದೇನೆ, ಗಾಲಿ ಸ್ವಲ್ಪ ಹೊರಗೆ ಬಂದರೆ ಲುಕ್ ಚೆನ್ನಾಗಿರುತ್ತದೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಿದರೆ ಆಯ್ತಲ್ವಾ?
— ಓದುಗರು, ಹೊಸಪೇಟೆ ರಸ್ತೆ, ಬಳ್ಳಾರಿ

ಉತ್ತರ: ಆಗಲ್ಲ. ಗಾಲಿ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಒಂದು ಬಿಂದು ಸಿಗುತ್ತದೆ. ಆ ಬಿಂದುವಿಗೂ ಟೈರಿನ ನಡುವಿಗೂ ಇರುವ ಅಂತರಕ್ಕೆ ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ. ಕಂಪನಿ ಅದನ್ನು ಮಿಲಿಮೀಟರ್ ಲೆಕ್ಕದಲ್ಲಿ ಯೋಚಿಸಿ ಇಟ್ಟಿರುತ್ತದೆ. ನೀವು ಗಾಲಿ ಹೊರಗೆ ತಂದರೆ ಆ ಅಂತರ ಬದಲಾಗುತ್ತದೆ. ಒಂದು ಗಾಲಿ ತಗ್ಗಿಗೆ ಬಿದ್ದರೂ, ಒಂದೇ ಬದಿ ಬ್ರೇಕ್ ಜಾಸ್ತಿ ಹಿಡಿದರೂ ಆ ಹೊಡೆತ ನೇರ ಸ್ಟೇರಿಂಗ್‌ಗೆ ಬರುತ್ತದೆ. ಗಾಲಿ ಬೇರಿಂಗ್ ಮೇಲೂ ಭಾರ ಜಾಸ್ತಿ. ಇದನ್ನು ಯಾವ ಅಲೈನ್‌ಮೆಂಟೂ ಸರಿ ಮಾಡುವುದಿಲ್ಲ, ಮಷಿನ್ನು ಇದನ್ನು ಅಳೆಯುವುದೂ ಇಲ್ಲ. ಅಲಾಯ್ ಬೇಕೇ ಬೇಕು ಎಂದರೆ ಕಂಪನಿ ರಿಮ್‌ನ ಒಳಮುಖದಲ್ಲಿ ಇಟಿ ಎಂದು ಒಂದು ಅಂಕಿ ಅಚ್ಚಾಗಿರುತ್ತದೆ (ಗಾಲಿ ಎಷ್ಟು ಒಳಗೆ ಕೂರುತ್ತದೆ ಎನ್ನುವ ಮಿ.ಮೀ. ಲೆಕ್ಕ), ಹೊಸ ರಿಮ್ಮಿನ ಅಂಕಿ ಅದಕ್ಕೆ ಸಮ ಇರಲಿ. ಸ್ಪೇಸರ್ ಹಾಕಿ ಹೊರಗೆ ತರುವ ಯೋಚನೆ ಇದ್ದರೆ ಅದನ್ನು ಇವತ್ತೇ ಬಿಟ್ಟುಬಿಡಿ.